ಸವಳು ಇಳಿದ ಗೋಡೆ

"ಗುರುಗಳೇ, ಈ ಚರ್ಮದ ಕಾಯಿಲೆ ಪೂರ್ತಿ ಹೋಗುವುದು ಯಾವಾಗ?" ಎಂದು ಕೊಟ್ರಯ್ಯ ಕೇಳಿದ.

ಅವನ ಮೊಣಕೈ, ಮೊಣಕಾಲುಗಳಲ್ಲಿ ಕೆಂಪು ಕಲೆಗಳಿದ್ದವು. ಅವುಗಳ ಮೇಲೆ ಬಿಳಿಯ ಹೊಟ್ಟು ಏಳುತ್ತಿತ್ತು. ಮಗಳು ಹುಟ್ಟಿದಾಗಿನಿಂದ ಅವನು ಕೂಸನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ವಾಸಿಯಾದ ಮೇಲೆ ಮನೆಗೆ ಹೋದರಾಯಿತು ಎಂದು ಮಠದಲ್ಲೇ ಉಳಿದಿದ್ದ.

"ಡಾಕ್ಟರು ಏನೆಂದರು?"

"ಅಂಟುವ ರೋಗವಲ್ಲ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬಿದ್ದಿದೆಯಂತೆ. ಹೋಗುತ್ತದೆ, ಮತ್ತೆ ಬರುತ್ತದೆ, ಔಷಧ ಬಿಡಬೇಡ ಎಂದರು."

"ಮತ್ತೆ ನನ್ನನ್ನೇನು ಕೇಳುತ್ತೀಯ?"

ಕೊಟ್ರಯ್ಯ ತಲೆ ತಗ್ಗಿಸಿದ. ಅಂಟುವುದಿಲ್ಲ ಎಂದು ಗೊತ್ತಿದ್ದೂ ಅವನ ಕೈ ಕೂಸಿನತ್ತ ಹೋಗಿರಲಿಲ್ಲ. ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಮಟ್ಟಸ ಛಾವಣಿಯ ಮಾಳಿಗೆ ಮನೆ ಕಟ್ಟಿಸಿದ. ಅವನ ಸೀಮೆಯಲ್ಲಿ ಮಾಳಿಗೆಯ ಮೇಲೆ ಸವಳು ಮಣ್ಣು ಹಾಸುತ್ತಾರೆ. ಉಪ್ಪು ತುಂಬಿದ ಆ ಮಣ್ಣು ಮಳೆನೀರನ್ನು ಒಳಗೆ ಬಿಡುವುದಿಲ್ಲ. ಎಲ್ಲರಂತೆ ಇವನೂ ಹಾಸಿಸಿದ. ಮನೆ ಸೋರಲಿಲ್ಲ. ಆದರೆ ಮಣ್ಣಿನ ಉಪ್ಪು ಪಡಸಾಲೆಯ ಗೋಡೆಗೆ ಇಳಿಯಿತು. ಮಳೆ ಮುಗಿದು ಚಳಿ ಬಿದ್ದಾಗ ಗೋಡೆ ಬೆಳ್ಳಗೆ ಹೊಟ್ಟೆದ್ದು ಉದುರಿತು.

ಆಗಷ್ಟೇ ಮಗನಿಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬರಬೇಕಿತ್ತು. ಗೋಡೆ ಸರಿಯಾಗಲಿ, ಆಮೇಲೆ ಬನ್ನಿ ಎಂದು ವ್ಯಾಪಾರಿ ಅವರನ್ನು ತಡೆದ. ಗೋಡೆ ಕೆರೆದ. ಕೆರೆದಲ್ಲೆಲ್ಲ ಇನ್ನಷ್ಟು ಉದುರಿತು. ದಪ್ಪ ಗಾರೆ ಮೆತ್ತಿಸಿದ. ಮುಂದಿನ ಚಳಿಗೆ ಗಾರೆಯೂ ಹಪ್ಪಳದಂತೆ ಕಳಚಿ ಬಿತ್ತು. ಅಷ್ಟರಲ್ಲಿ ಹೆಣ್ಣಿನ ಕಡೆಯವರು ಬೇರೆ ಗಂಡು ಹುಡುಕುತ್ತಿದ್ದಾರೆಂಬ ಸುದ್ದಿ ಬಂತು.

ವ್ಯಾಪಾರಿ ಗುದ್ದಲಿ ಹಿಡಿದು ಮಾಳಿಗೆ ಹತ್ತಿದ. ಕೆಳಗಿನಿಂದ ಹೆಂಡತಿ ಕೂಗಿದಳು.

"ಅಲ್ಲೇನು ಮಾಡ್ತೀರಿ?"

"ಗೋಡೆ ತಿನ್ನುತ್ತಿರೋದು ಈ ಮಣ್ಣೇ. ಎಲ್ಲ ಕಿತ್ತು ಎಸೀತೀನಿ."

"ಎಸೀರಿ. ಮಳೆ ಬಂದಾಗ ಕೊಡೆ ಹಿಡಿದು ಮಲಗೋಣ. ಅಲ್ರೀ, ಹೆಣ್ಣು ಕೇಳಿದ್ದು ಮಗನಿಗೋ, ನಿಮ್ಮ ಗೋಡೆಗೋ?"

ವ್ಯಾಪಾರಿ ಇಳಿದು ಬಂದ. ಮರುದಿನವೇ ಹೆಣ್ಣಿನ ಕಡೆಯವರಿಗೆ ಹೇಳಿ ಕಳಿಸಿದ. ಅವರು ಬಂದರು. ಗೋಡೆ ನೋಡಿ, "ಸವಳಲ್ಲವೇ?" ಎಂದರು. ಊಟಕ್ಕೆ ಕೂತರು.

ಆಮೇಲೆ ಅವನು ಗೋಡೆ ಕೆರೆಯಲಿಲ್ಲ. ಹೊಟ್ಟು ಎದ್ದಾಗ ಮೆಲ್ಲಗೆ ಒರೆಸಿ, ತೆಳ್ಳಗೆ ಮಣ್ಣು ಸಾರಿಸುತ್ತಿದ್ದ. ಕೆಲವು ವರ್ಷ ಗೋಡೆ ನುಣ್ಣಗಿತ್ತು. ಕೆಲವು ವರ್ಷ ಉದುರಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಗೋಡೆ ಪೂರ್ತಿ ಸರಿಹೋಯಿತೇ?" ಎಂದು ಕೊಟ್ರಯ್ಯ ಕೇಳಿದ.

"ಅವನ ಮೊಮ್ಮಕ್ಕಳು ಆ ಗೋಡೆಗೇ ಒರಗಿ ಕೂತು ಉಂಡು ದೊಡ್ಡವರಾದರು."