ಕೆಂಚೇಗೌಡರ ಬಾಮೈದನ ರೈಡು

ನಾಳೆ ಕಬಡ್ಡಿ ಫೈನಲ್. ನಿಂಗಾಜಮ್ಮನ ಬಜ್ಜಿ ಅಂಗಡಿ ಮುಂದೆ ಹುಡುಗರ ಗಲಾಟೆಯೋ ಗಲಾಟೆ.

"ರೈಡಿಗೆ ಚಲುವನೇ ಹೋಗ್ಬೇಕು!"

"ಅವನಿಗೆ ಮಂಡಿ ನೋವು ಕಣ್ರೋ! ಪಕ್ಕದೂರಿನ ಹುಡುಗನ್ನ ಎಳ್ಕೊಂಡು ಬರಾಣ!"

ಅಷ್ಟರಲ್ಲಿ ಸಂಘದ ಅಧ್ಯಕ್ಷ ಕೆಂಚೇಗೌಡರು ಬಾಮೈದನನ್ನು ಹಿಂದೆ ಕಟ್ಟಿಕೊಂಡು, ಮೀಸೆ ತೀಡುತ್ತಾ ಬಂದರು. "ಚಲುವ ಬ್ಯಾಡ. ರೈಡಿಗೆ ನನ್ನ ಬಾಮೈದನೇ ಹೋಯ್ತಾನೆ. ಎದುರು ಮಾತಾಡುದ್ರೆ ನಾಳೆ ನನ್ನ ಲಾರಿ ಬರಕಿಲ್ಲ."

ಲಾರಿ ಇಲ್ಲದೆ ಫೈನಲ್ಲಿಗೆ ಹೋಗುವುದು ಹೇಗೆ?

ನಿಂಗಾಜಮ್ಮ ಬಾಣಲೆಯಿಂದ ತಲೆ ಎತ್ತಲೇ ಇಲ್ಲ. "ಸರಿಯಾಗೇ ಹೇಳುದ್ರಿ ಗೌಡ್ರೇ. ನಿಮ್ ಬಾಮೈದನ್ನ ಹಿಡಿಯೋ ಗಂಡಸು ಈ ಊರಲ್ಲಿ ಯಾರವ್ರೆ? ನಿಮ್ ಕೈಲೂ ಆಗಕಿಲ್ಲ ಬುಡಿ."

"ನನ್ ಕೈಲಿ ಆಗಕಿಲ್ವಾ?" ಗೌಡರು ಪಂಚೆ ಎತ್ತಿ ಕಟ್ಟಿದರು.

ಅಂಗಡಿ ಮುಂದೆಯೇ ಗೆರೆ ಬಿತ್ತು. ಬಾಮೈದ "ಕಬಡ್ಡಿ ಕಬಡ್ಡಿ" ಅನ್ನುತ್ತಾ ನುಗ್ಗಿದ. ಗೌಡರು ಸೊಂಟಕ್ಕೆ ಕೈ ಹಾಕಿ ಅವನನ್ನು ಕೆಡವಿ, ಮೇಲೆಯೇ ಕೂತುಬಿಟ್ಟರು. ಶಿಳ್ಳೆಯೋ ಶಿಳ್ಳೆ! ಹುಡುಗರು ಗೌಡರಿಗೆ ಜೈಕಾರ ಹಾಕಿದರು.

ಗೌಡರ ಎದೆ ಉಬ್ಬಿತು. ಏದುಸಿರು ಬಿಡುತ್ತಲೇ, ಕೆಳಗೆ ಒದ್ದಾಡುತ್ತಿದ್ದವನನ್ನು ನೋಡಿ ಗುಡುಗಿದರು:

"ಥೂ! ಇಂಥವನ್ನ ಯಾವನ್ರೋ ಟೀಮಿಗೆ ಹಾಕಿದ್ದು?"