ಗೌಡನಿಲ್ಲದ ಊರಿನ ದೊಡ್ಡೀರ

ಊರಿಗೆ ಗೌಡನೇ ಇಲ್ಲದೆ ಹೋದರೆ ಏನಾದೀತು, ಊಹಿಸಿ ನೋಡೋಣ! ಹೊಡೆದಾಡಿ ಸಾಯ್ತಾರೆ ಅಂತೀರಾ? ಹಾಯಾಗಿರ್ತಾರೆ ಅಂತೀರಾ? ಓದಿದವರು ಇದರ ಮೇಲೆ ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ ಸ್ವಾಮಿ, ಜಗಳ ಇನ್ನೂ ಮುಗಿದಿಲ್ಲ. ಕುಂಟೆಹಳ್ಳಿಯ ಮಟ್ಟಿಗೆ ಮುಗಿಸಿದವನು ಸಣ್ಣಕ್ಕನ ಮಗ ದೊಡ್ಡೀರ. ಆಳು ಬಾಗಿಲೆತ್ತರ, ಬುದ್ಧಿ ಮಾತ್ರ ಹೇಳಿಕೊಟ್ಟಷ್ಟೇ.

ಅಲ್ಲಿಯ ಗೌಡ ಮಕ್ಕಳಿಲ್ಲದೆ ಸತ್ತ. ಪಕ್ಕದೂರಿನ ಚಿಕ್ಕಹೊನ್ನೇಗೌಡ, "ವೀಳ್ಯ ಕೊಟ್ಟು ಕರೀರಿ, ನಿಮ್ಮೂರನ್ನೂ ನಾನೇ ಆಳ್ತೀನಿ" ಅಂತ ಹೇಳಿಕಳಿಸಿದ. ಸಣ್ಣಕ್ಕ ಸೆರಗು ಸಿಕ್ಕಿಸಿ ಎದ್ದಳು. "ಯಾವ ಗೌಡನೂ ಬೇಡ! ನಾವೇ ಬಾಳಿ ತೋರಿಸ್ತೀವಿ!" ಊರು "ನೋಡೋಣ" ಅಂದಿತು.

ಮಾರನೆಯ ದಿನ ಮಗನಿಗೆ ಹೇಳಿದಳು, "ಹೋಗಿ ಗದ್ದೆಗೆ ನೀರು ಬಿಡೋ. ಈಗ ಯಾರ ಅಪ್ಪಣೆಯೂ ಬೇಡ." ಹೋದ. ಕೆರೆಯ ತೂಬನ್ನೇ ಎತ್ತಿಬಿಟ್ಟ. ಊರವರ ನಾಟಿಯೆಲ್ಲ ತೇಲಿಹೋಯಿತು!

"ಅಯ್ಯೋ ಮಂಕೇ! ಏನು ಮಾಡೋಕೂ ಮುಂಚೆ ನಾಲ್ಕು ಜನರನ್ನ ಕೇಳಬೇಕು ಕಣೋ!"

"ಹೂಂ ಕಣವ್ವ, ಕೇಳ್ತೀನಿ."

ಕೆಲವು ದಿನಕ್ಕೆ ಮಾರಕ್ಕನ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ದೊಡ್ಡೀರನ ಹೆಗಲ ಮೇಲೆ ತುಂಬಿದ ಕೊಡ. ಓಡಿದ. ಬಣವೆಗಲ್ಲ, ಊರೊಳಕ್ಕೆ! "ಅಣ್ಣಾ, ಬೆಂಕಿ ಆರಿಸಲಾ?" "ಅಕ್ಕಾ, ಆರಿಸಲಾ?" "ಆರಿಸೋ ಮುಠ್ಠಾಳ!" ಅಂದರು ಮೂವರು. ನಾಲ್ಕನೆಯವರು ಸಿಗೋ ಹೊತ್ತಿಗೆ ಬಣವೆ ಬೂದಿ.

"ಹೊಗೆ ಕಂಡ ಮೇಲೆ ಕೇಳ್ತಾ ನಿಲ್ತಾರೇನೋ ಪೆದ್ದೇ? ಮೊದಲು ನೀರು ಸುರಿ, ಆಮೇಲೆ ಊರನ್ನೆಲ್ಲ ಕೂಗು!"

"ಹೂಂ ಕಣವ್ವ, ಸುರೀತೀನಿ."

ಊರಿಗೆ ಸಾಕಾಯಿತು. "ಹೇಳೋರಿಲ್ಲ, ಕೇಳೋರಿಲ್ಲ. ಹಟ ಬಿಡು ಸಣ್ಣಕ್ಕ."

"ಬಿಡಲ್ಲ!"

ಅವಳು ಬಿಡದಿದ್ದರೂ, ಬಂದ ಮೇಲೆ ವೀಳ್ಯ ಕೊಡ್ತೀವಿ ಅಂತ ಊರು ಕರೆಸಿತು. ಚಿಕ್ಕಹೊನ್ನೇಗೌಡ ಬಂದ, ಚಾವಡಿ ಕಟ್ಟೆಯ ಮೇಲೆ ಕೂತ, ಮೀಸೆ ತೀಡಿ ಚುಟ್ಟ ಹಚ್ಚಿದ. ಬುಸುಬುಸು ಹೊಗೆ!

ದೊಡ್ಡೀರ ಕಂಡ. ಕೊಡ ಎತ್ತಿದ. ರುಮಾಲಿನ ಮೇಲೇ ದಬದಬ ಸುರಿದ! "ಬನ್ರಪ್ಪೋ, ಹೊಗೆ!" ಅಂತ ಬೊಬ್ಬೆ ಹಾಕಿದ. ನಾಟಿ ಕಳಕೊಂಡವರು, ಬಣವೆ ಕಳಕೊಂಡವಳು, ಮಾತು ಬಿಟ್ಟಿದ್ದವರು, ಎಲ್ಲರೂ ಸಿಕ್ಕಿದ ಪಾತ್ರೆ ಹಿಡಿದು ಓಡಿ ಬಂದರು. ಬಾವಿಯಿಂದ ಚಾವಡಿವರೆಗೆ ಸಾಲು ನಿಂತರು. ಕೈಯಿಂದ ಕೈಗೆ ಕೊಡ ದಾಟಿತು. ಹಿಂದಿನವರಿಗೆ ಮುಂದೇನು ನಡೀತಿದೆ ಅಂತ ಕಾಣಬೇಕಲ್ಲ! ಸಾಲಿನ ತುದಿಗೆ ದೊಡ್ಡೀರ. ಬಂದದ್ದನ್ನೆಲ್ಲ ಗೌಡನ ತಲೆಗೇ.

"ನಿಲ್ಲಿಸ್ರೋ!" ಗೌಡ ಅರಚಿದ. "ಯಾರ ಅಪ್ಪಣೆ ಇದು?"

ಸಾಲು ಮುಖ ಮುಖ ನೋಡಿಕೊಂಡಿತು. ಮಾರಕ್ಕ ಅಂದಳು, "ಯಾರದೂ ಇಲ್ಲ ಗೌಡ್ರೇ. ನಾವೇ ಬಂದ್ವಿ."

ಸಣ್ಣಕ್ಕ ಅದನ್ನೇ ಹಿಡಿದುಕೊಂಡಳು. "ಕೇಳಿಸ್ತೇನ್ರೋ? ನಾವೇ ಬಂದ್ವಿ! ನಾಳೆ ಇದೇ ಸಾಲು ಮತ್ತೆ ನಾಟಿ ಹಾಕೋಕೆ ಗದ್ದೆಗಿಳೀಲಿ, ಮೊದಲು ನಾಟಿ ತೇಲಿದವರದು, ನಮ್ಮದು ಕೊನೆಗೆ!"

"ಹೌದು" ಅಂದಿತು ಊರು. ವೀಳ್ಯ ಯಾರೂ ತರಲಿಲ್ಲ. ಗೌಡ ರುಮಾಲು ಹಿಂಡುತ್ತ ತನ್ನೂರ ದಾರಿ ಹಿಡಿದ. ಬಾಯಲ್ಲಿ ಉಳಿದಿದ್ದ ಒಂದೆಳೆ ಹೊಗೆ ಆಗ ಹೊರಬಿತ್ತು.

"ಇನ್ನೂ ಆರಿಲ್ಲ ಕಣವ್ವೋ!" ಅಂತ ದೊಡ್ಡೀರ ಕೊಡ ಹೊತ್ತು, ಪಕ್ಕದೂರಿನ ತನಕ ಗೌಡನ ಹಿಂದೆ ಓಡಿದ.

ಇದು ನಡೆದದ್ದು ಭಾದ್ರಪದ ಬಹುಳ ತದಿಗೆ, ಶುಕ್ರವಾರ.