ದಿಬ್ಬದ ಮೇಲಿನ ಸಭೆ

ಹೊಳೆದಂಡೆಯ ಕೋಟೆಯೂರಿಗೆ ಹೊರಟ ಸೈಕಲ್ಲೊಂದು ಕೊನೆಯ ದಿಬ್ಬ ಹತ್ತುತ್ತಿತ್ತು. ಸವಾರ ಏದುಸಿರು ಬಿಡುತ್ತಿದ್ದ. ಪೆಡಲಿಗೂ ಸಾಕಾಗಿತ್ತು. ಅದು ಅಲ್ಲೇ ಸಭೆ ಕರೆಯಿತು.

"ಏರು ಶುರುವಾದಾಗಿನಿಂದ ನಾನು ತುಳಿಸಿಕೊಳ್ಳುತ್ತಿದ್ದೇನೆ, ಚೈನು ಎಳೆಯುತ್ತಿದೆ, ಚಕ್ರಗಳು ಉರುಳುತ್ತಿವೆ. ಬ್ರೇಕಿನವರೇ, ತಾವೇನು ಮಾಡುತ್ತಿದ್ದೀರಿ?"

"ಸದ್ಯಕ್ಕೆ ಏನೂ ಇಲ್ಲ" ಎಂದಿತು ಬ್ರೇಕು.

"ಕೆಲಸ ಮಾಡುವಾಗಲಾದರೂ ಏನು ಮಾಡುತ್ತೀರಿ?"

"ನಿಲ್ಲಿಸುತ್ತೇನೆ."

ಸಭೆಗೆ ಅಷ್ಟು ಸಾಕಾಯಿತು. ದುಡಿಯುವವರನ್ನು ನಿಲ್ಲಿಸುವವರು ನಮಗೇಕೆ ಎಂದು ಎಲ್ಲರೂ ಒಪ್ಪಿದರು. ಬೆಲ್ಲು ಗಣಗಣ ಮೊಳಗಿ ಠರಾವು ಪಾಸು ಮಾಡಿತು. ಬ್ರೇಕು ವಾದ ಮಾಡಲಿಲ್ಲ. ತನ್ನ ತಂತಿ ಕಳಚಿಕೊಂಡಿತು.

ಅಷ್ಟರಲ್ಲಿ ಏರು ಮುಗಿಯಿತು.

ಇಳಿಜಾರು, ಕೋಟೆ ಬಾಗಿಲು, ಪೇಟೆ ಬೀದಿ, ಸ್ನಾನಘಟ್ಟದ ಮೆಟ್ಟಿಲು ಎಲ್ಲವೂ ಒಂದೇ ಉಸಿರಿಗೆ ಹಿಂದಾದವು. ಸವಾರ ಈಜಿ ದಡ ಸೇರಿದ.

ಹೊಳೆಯಲ್ಲಿ ಕತ್ತಿನವರೆಗೆ ಮುಳುಗಿ ಮಲಗಿದ್ದ ಎಮ್ಮೆ, ಪಕ್ಕಕ್ಕೆ ಬಂದು ಬಿದ್ದ ಸೈಕಲ್ಲನ್ನು ನೋಡಿತು. "ಬಹಳ ಬೇಗ ಬಂದಿರಲ್ಲ?"

"ಹೌದು" ಎಂದಿತು ಪೆಡಲು, ನೀರಿನೊಳಗಿಂದ. "ದಾರಿಯಲ್ಲಿ ತಡೆಯುವವರು ಯಾರೂ ಇರಲಿಲ್ಲ."